ಟ್ಯಾಲಿ ಮಾತ್ರ ತೆರೀಬೇಕು, ಸರ್ವರ್ ಅಲ್ಲ

ಪ್ರಶ್ನೆ: ಸರ್, ಚಿಕ್ಕಪೇಟೆಲಿ ನಮ್ದು ಬಟ್ಟೆ ಹೋಲ್‌ಸೇಲ್ ಅಂಗಡಿ. ಅಕೌಂಟ್ಸ್‌ನವ್ರು ಆರು ಜನ ಕೆಂಗೇರಿ, ಯಲಹಂಕದ ಮನೆಯಿಂದ್ಲೇ ನಮ್ಮ ವಿಂಡೋಸ್ ಸರ್ವರ್‌ಗೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಲಾಗಿನ್ ಆಗ್ತಾರೆ. ಬೇಕಿರೋದು ಟ್ಯಾಲಿ ಒಂದೇ, ಆದ್ರೆ ಪೂರ್ತಿ ಡೆಸ್ಕ್‌ಟಾಪ್ ಬರತ್ತೆ. ಮೊನ್ನೆ ಯಾರೋ ಸಂಬಳದ ಫೈಲ್ ತೆಗ್ದು ಓದಿದಾರೆ. ಏನ್ ಮಾಡ್ಲಿ?
- ಓದುಗರೊಬ್ಬರು, ಚಿಕ್ಕಪೇಟೆ

ಉತ್ತರ: ಮೊದ್ಲು ಒಂದು ಮಾತು, ಆರೂ ಜನಕ್ಕೆ ಒಂದೇ ಅಡ್ಮಿನ್ ಪಾಸ್‌ವರ್ಡ್ ಕೊಟ್ಟಿದೀರ ಅನ್ಸತ್ತೆ. ಹಾಗಿದ್ರೆ ಕೆಳಗೆ ಹೇಳೋದೆಲ್ಲ ದಂಡ. ಒಬ್ಬೊಬ್ರಿಗೂ ಬೇರೆ ಸಾಮಾನ್ಯ ಅಕೌಂಟ್ ಮಾಡಿ, ರಿಮೋಟ್ ಡೆಸ್ಕ್‌ಟಾಪ್ ಯೂಸರ್ಸ್ ಗ್ರೂಪ್‌ಗೆ ಸೇರ್ಸಿ, ಸಂಬಳದ ಫೋಲ್ಡರ್ ಮೇಲೆ ಅವ್ರ ಪರ್ಮಿಷನ್ ಕಿತ್ತಾಕಿ. ನಿಮ್ಮ ಅರ್ಧ ತಲೆನೋವು ಅಲ್ಲಿಗೇ ಹೋಯ್ತು.

ಇನ್ನು ಟ್ಯಾಲಿ ಮಾತ್ರ ತೋರ್ಸೋಕೆ ರಿಮೋಟ್‌ಆ್ಯಪ್ ಅಂತಿದೆ, ವಿಂಡೋಸ್ ಸರ್ವರ್ 2008ರಿಂದ ಬಂದಿದ್ದು. ಅದ್ರಲ್ಲಿ ಡೆಸ್ಕ್‌ಟಾಪ್ ಕಾಣಲ್ಲ, ಟ್ಯಾಲಿ ಕಿಟಕಿ ಅವ್ರ ಲ್ಯಾಪ್‌ಟಾಪ್‌ನಲ್ಲೇ ಇರೋ ಥರ ತೆರ್ಕೊಳ್ಳತ್ತೆ. ಎಷ್ಟೋ ಜನ ಇಷ್ಟಕ್ಕೇ ನಿಲ್ಲಿಸ್ತಾರೆ, ಆದ್ರೆ ಇದು ಅಂಗಡಿಗೆ ಶಟರ್ ಬದ್ಲು ಪರದೆ ಕಟ್ಟಿದ ಹಾಗೆ. ನಾನು ಯಾವ ಸರ್ವರ್ ನೋಡಿದ್ರೂ ಮೊದ್ಲು ಒಂದು ಬಿಲ್‌ನ ಪಿಡಿಎಫ್‌ಗೆ ಪ್ರಿಂಟ್ ಕೊಡ್ತೀನಿ, ಎಲ್ಲಿ ಸೇವ್ ಮಾಡ್ಬೇಕು ಅಂತ ಒಂದು ಡಬ್ಬಿ ಬರತ್ತಲ್ಲ, ಅದ್ರೊಳಗೆ ಸಿ ಡ್ರೈವ್, ಡಿ ಡ್ರೈವ್ ಎಲ್ಲಾ ಕೂತಿರತ್ತೆ, ಅಲ್ಲಿಂದ ಕಮಾಂಡ್ ಪ್ರಾಂಪ್ಟ್ (ಆಜ್ಞೆ ಟೈಪ್ ಮಾಡಿ ಸರ್ವರ್ ಓಡ್ಸೋ ಕಿಟಕಿ, ಸಿಎಂಡಿ) ತೆಗ್ಯೋದು ಹುಷಾರಿರೋ ಹುಡುಗ್ರಿಗೆ ಎರಡು ನಿಮಿಷದ ಕೆಲ್ಸ.

ಅದಕ್ಕೇ ಆ್ಯಪ್‌ಲಾಕರ್ ಬೇಕು, ಯಾರು ಯಾವ ಪ್ರೋಗ್ರಾಂ ಓಡಿಸ್ಬಹುದು ಅಂತ ರೂಲ್ ಹಾಕೋ ವಿಂಡೋಸ್‌ನದೇ ಸೌಲಭ್ಯ. ಅದ್ರ ಡೀಫಾಲ್ಟ್ ರೂಲ್ಸ್‌ನಲ್ಲಿ ವಿಂಡೋಸ್ ಫೋಲ್ಡರ್ ಪೂರ್ತಿ ಎಲ್ರಿಗೂ ಓಪನ್, ಅಂದ್ರೆ ಸಿಎಂಡಿ, ಅದೇ ಥರದ ಪವರ್‌ಶೆಲ್ ಇನ್ನೂ ಓಡತ್ತೆ, ಅವನ್ನ ಈ ಆರು ಜನರ ಗ್ರೂಪ್‌ಗೆ ಮಾತ್ರ ಡಿನೈ ಮಾಡಿ. ಎವ್ರಿಒನ್‌ಗೆ ಹಾಕಿದ್ರೆ ನೀವೂ ಹೊರಗೇ, ಡಿನೈ ಅಡ್ಮಿನ್‌ನೂ ಬಿಡಲ್ಲ. ಕೋಪಕ್ಕೆ ಇಡೀ ವಿಂಡೋಸ್ ಫೋಲ್ಡರ್ ಬಂದ್ ಮಾಡ್ಬೇಡಿ, ರಿಮೋಟ್‌ಆ್ಯಪ್ ಶುರು ಮಾಡೋ ಆರ್‌ಡಿಪಿಇನಿಟ್ ಅಲ್ಲೇ ಇರೋದು. ಮೊದ್ಲು ಒಂದು ವಾರ ಆಡಿಟ್ ಮೋಡ್‌ನಲ್ಲಿ (ತಡೆಯಲ್ಲ, ಬರೀ ಬರ್ದಿಡತ್ತೆ) ಬಿಟ್ಟು ಇವೆಂಟ್ ವ್ಯೂವರ್‌ನಲ್ಲಿ ಲಾಗ್ ನೋಡಿ, ಆಮೇಲೆ ಬಿಗಿ ಮಾಡಿ. ಅಪ್ಲಿಕೇಶನ್ ಐಡೆಂಟಿಟಿ ಸರ್ವಿಸ್ ಓಡ್ತಾ ಇಲ್ದಿದ್ರೆ ಯಾವ ರೂಲೂ ಕೆಲ್ಸ ಮಾಡಲ್ಲ. ಗ್ರೂಪ್ ಪಾಲಿಸಿನಲ್ಲಿ ಟಾಸ್ಕ್ ಮ್ಯಾನೇಜರ್ ತೆಗ್ದು, ಡ್ರೈವ್ ಮತ್ತೆ ಕ್ಲಿಪ್‌ಬೋರ್ಡ್ ರೀಡೈರೆಕ್ಷನ್ (ಸರ್ವರ್ ಮತ್ತೆ ಮನೆ ಲ್ಯಾಪ್‌ಟಾಪ್ ಮಧ್ಯೆ ಫೈಲ್, ಕಾಪಿ-ಪೇಸ್ಟ್ ಸಾಗೋ ದಾರಿ) ನಿಲ್ಲಿಸ್ಬಿಡಿ, ಇಲ್ಲಾಂದ್ರೆ ಡೇಟಾ ಕಾಪಿ ಆಗಿ ಮನೆಗೆ ಹೋಗತ್ತೆ.

ರೌಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲಾದ 3389 ಪೋರ್ಟ್ ನೇರವಾಗಿ ಇಂಟರ್‌ನೆಟ್‌ಗೆ ತೆಗ್ದಿಟ್ಟಿದ್ರೆ ಇವತ್ತೇ ಮುಚ್ಚಿ, ವಿಪಿಎನ್ (ಇಂಟರ್‌ನೆಟ್ ಮೇಲೇ ಬೀಗ ಹಾಕಿದ ಖಾಸಗಿ ದಾರಿ) ಹಾಕಿಸಿ. ಆಮೇಲೆ ಆರು ಜನ ಒಟ್ಟಿಗೆ ಬರೋಕೆ ಆರ್‌ಡಿಎಸ್ ಕ್ಯಾಲ್ ಅನ್ನೋ ಮೈಕ್ರೋಸಾಫ್ಟ್‌ನ ರಿಮೋಟ್ ಡೆಸ್ಕ್‌ಟಾಪ್ ಲೈಸೆನ್ಸ್ ಬೇಕು, ತಗೊಂಡಿದೀರಾ? ಅದಿಲ್ದೆ ಓಡೋ 120 ದಿನದ ಗ್ರೇಸ್ ಮುಗಿದ್ರೆ ಲಾಗಿನ್ ಆಗೋದೇ ನಿಂತೋಗತ್ತೆ, ಅದೂ ಸರಿಯಾಗಿ ಜಿಎಸ್‌ಟಿ ಕಟ್ಟೋ ದಿನಾನೇ.