ಕಲ್ಲು ಆಮೇಲೆ, ಮೊದಲು ಚರ್ಮದ ಪಟ್ಟಿ: ಕ್ಷೌರದ ಕತ್ತಿ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯ ಶೇವಿಂಗ್ ಲೇಖನದಲ್ಲಿ ಮಡಚೋ ಕ್ಷೌರದ ಕತ್ತಿ, ಅಂದ್ರೆ ಸ್ಟ್ರೇಟ್ ರೇಜರ್ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ. ಪತ್ರ ಬಂದಿದ್ದೆಲ್ಲ ಆ ಸಾಲಿಗೇ! ಅರ್ಧಕ್ಕರ್ಧ ಜನ ಕೇಳಿರೋದು ಒಂದೇ ಮಾತು, ಕತ್ತಿ ಮೊಂಡಾಗಿದೆ ಯಾವ ಕಲ್ಲು ತಗೊಳ್ಳಲಿ ಅಂತ. ಕಲ್ಲಿನ ವಿಷಯಕ್ಕೂ ಬರ್ತೀನಿ, ಆದ್ರೆ ಕಲ್ಲು ಬೇಕಾಗಿರೋರು ನಿಮ್ಮಲ್ಲಿ ತುಂಬ ಕಮ್ಮಿ ಅನ್ನೋದು ನನ್ನ ಅಭಿಪ್ರಾಯ.

ತಾತನ ಟ್ರಂಕ್‌ನಲ್ಲಿ ಒಂದು ಹಳೇ ಕತ್ತಿ ಸಿಕ್ತು ಸರ್, ಅದರ ಮೇಲೆ ಜೋಲಿಂಗೆನ್ ಅಂತ ಕೊರೆದಿದೆ. ಅಲ್ಲಲ್ಲಿ ತುಕ್ಕಿದೆ. ನಮ್ಮ ಬೀದಿಗೆ ಸಾಣೆ ಚಕ್ರದವರು ಬರ್ತಾರೆ, ಅವರ ಹತ್ರ ಕೊಟ್ಟು ಚೂಪು ಮಾಡಿಸಬಹುದಾ? – ತಿಪಟೂರಿನ ಓದುಗರು

ದಯವಿಟ್ಟು ಕೊಡಬೇಡಿ. ಅವರು ಈಳಿಗೆಮಣೆಗೆ, ಕತ್ತರಿಗೆ ಚೆನ್ನಾಗಿ ಸಾಣೆ ಹಿಡಿತಾರೆ, ಅದು ಬೇರೆ. ಈ ಕತ್ತಿಯ ಎರಡೂ ಮಗ್ಗುಲನ್ನ ಒಳಗೆ ತೋಡಿರ್ತಾರೆ, ಬೆನ್ನು ಮಾತ್ರ ದಪ್ಪ, ಅಂಚಿನ ಹತ್ರ ಬರ್ತಾ ಬರ್ತಾ ಉಗುರಲ್ಲಿ ಒತ್ತಿದ್ರೆ ಬಾಗೋವಷ್ಟು ತೆಳ್ಳಗಾಗಿರತ್ತೆ. ನೀರಿಲ್ಲದೆ ತಿರುಗೋ ಚಕ್ರಕ್ಕೆ ಹಿಡಿದ್ರೆ ಆ ತೆಳು ಭಾಗ ಕ್ಷಣದಲ್ಲಿ ಕಾಯತ್ತೆ, ನೀಲಿ ಬಣ್ಣಕ್ಕೆ ತಿರುಗಿತು ಅಂದ್ರೆ ಅಲ್ಲಿಯ ಉಕ್ಕಿನ ಹದ ಹೋಯ್ತು ಅಂತಾನೇ ಲೆಕ್ಕ, ಆಮೇಲೆ ಎಷ್ಟು ಮಸೆದ್ರೂ ಹರಿತ ನಿಲ್ಲಲ್ಲ.

ಜೋಲಿಂಗೆನ್ ಜರ್ಮನಿಯ ಊರು, ಚಾಕು ಕತ್ತಿಗೆ ಹೆಸರುವಾಸಿ. ಅಲ್ಲಿ ಮಾಡದ ಸಾಮಾನಿಗೆ ಆ ಹೆಸರು ಹಾಕಬಾರದು ಅಂತ ಅವರಲ್ಲಿ 1938ರಲ್ಲೇ ಕಾನೂನು ಮಾಡಿದ್ರು, ಅಂದ್ರೆ ಅದಕ್ಕೂ ಮುಂಚೆ ಕಂಡಕಂಡವರೆಲ್ಲ ಹಾಕ್ತಿದ್ರು ಅಂತ ಅರ್ಥ ಮಾಡ್ಕೊಳ್ಳಿ! ಹಾಗಾಗಿ ಹೆಸರು ನೋಡಿ ಖುಷಿ ಪಡೋದಕ್ಕಿಂತ ಅಂಚು ನೋಡಿ. ಟ್ಯೂಬ್‌ಲೈಟ್ ಕೆಳಗೆ ನಿಂತು ಅಂಚು ನಿಮ್ಮ ಕಣ್ಣಿಗೆ ನೇರ ಬರೋ ಹಾಗೆ ಹಿಡ್ಕೊಂಡು ನಿಧಾನಕ್ಕೆ ಅಲ್ಲಾಡಿಸಿ. ಒಳ್ಳೇ ಅಂಚು ಕಾಣೋದೇ ಇಲ್ಲ. ಎಲ್ಲಾದ್ರೂ ಬಿಳಿ ಚುಕ್ಕೆ ಮಿಂಚಿದ್ರೆ ಅಲ್ಲಿ ಹಲ್ಲು ಬಿದ್ದಿದೆ, ಇಲ್ಲಾ ಮೊಂಡಾಗಿದೆ. ತುಕ್ಕು ಬೆನ್ನಿನ ಮೇಲೆ, ಮಗ್ಗುಲ ಮೇಲೆ ಇದ್ರೆ ಯೋಚನೆ ಇಲ್ಲ, ಬ್ರಾಸೋ ಹಾಕಿ ಬಟ್ಟೇಲಿ ಬೆನ್ನಿಂದ ಅಂಚಿನ ಕಡೆಗೆ ಉಜ್ಜಿ, ಅಂಚಿನುದ್ದಕ್ಕೆ ಬೆರಳು ಎಳೀಬೇಡಿ. ಅಂಚಿಗೇ ತುಕ್ಕು ಹಿಡಿದು ಸಣ್ಣ ಗುಳಿ ಬಿದ್ದಿದ್ರೆ ಮಾತ್ರ ಕಷ್ಟ, ಮಸೆದಷ್ಟೂ ಅಲ್ಲಿ ಪುಡಿಪುಡಿಯಾಗಿ ಉದುರತ್ತೆ.

ಇನ್ನೊಂದು ವಿಷಯ. ಹಿಡಿಯನ್ನ ಬೆರಳಲ್ಲಿ ಜೋರಾಗಿ ಉಜ್ಜಿ ಮೂಸಿ ನೋಡಿ, ಕರ್ಪೂರದ ವಾಸನೆ ಬಂದ್ರೆ ಅದು ಸೆಲ್ಯುಲಾಯ್ಡ್, ಅಂದ್ರೆ ಹಳೇ ಕಾಲದ ಒಂಥರಾ ಪ್ಲಾಸ್ಟಿಕ್. ಅದಕ್ಕೆ ಬೇಗ ಬೆಂಕಿ ಹತ್ತಿಕೊಳ್ಳತ್ತೆ, ಹಳೇದಾದಾಗ ಅದು ಕೊಳೀತಾ ಬಿಡೋ ಆವಿಯಿಂದ್ಲೇ ಅಲಗಿಗೆ ತುಕ್ಕು ಹಿಡಿಯೋದೂ ಉಂಟು. ಬಿಸಿನೀರಲ್ಲಿ ಕುದಿಸೋಕೆ ಹೋಗ್ಬೇಡಿ, ಸ್ಪಿರಿಟ್‌ನಲ್ಲಿ ಅಲಗು ಮಾತ್ರ ಒರೆಸಿ ಸಾಕು.

ಹೊಸ ರೇಜರ್ ಆನ್‌ಲೈನ್ ತರಿಸಿದೆ. ವಿಡಿಯೋ ನೋಡಿ ಟ್ರೈ ಮಾಡಿದ್ರೆ ಕೂದಲು ಕಿತ್ತ ಹಾಗೆ ಎಳೆಯತ್ತೆ, ಕತ್ತಲ್ಲಿ ಉರಿ. ಹೋನಿಂಗ್ ಕಲ್ಲು, ಅಂದ್ರೆ ಮಸೆಯೋ ಕಲ್ಲು ತಗೋಬೇಕಾ? – ಬೆಂಗಳೂರಿನ ಓದುಗರು

ಮೊದಲು ಕೈಮೇಲಿನ ರೋಮ ನೋಡಿ. ಚರ್ಮ ಮುಟ್ಟಿಸದೆ, ರೋಮದ ತುದಿ ಸವರಿದ್ರೆ ಟಕ್ ಅಂತ ಉದುರಬೇಕು. ಉದುರಲಿಲ್ಲ ಅಂದ್ರೆ ಅದು ಫ್ಯಾಕ್ಟರಿಯಿಂದಾನೇ ಪೂರ್ತಿ ಹರಿತ ಆಗಿ ಬಂದಿಲ್ಲ, ಹೊಸ ಕತ್ತಿಗಳಲ್ಲಿ ಇದು ಮಾಮೂಲು, ಗೊತ್ತಿರೋರ ಹತ್ರ ಒಂದ್ಸಲ ಮಸೆಸಿ. ಉದುರಿತು ಅಂದ್ರೆ ತೊಂದರೆ ಕತ್ತಿಯದಲ್ಲ, ಕೈಯದು. ಬೇಜಾರು ಮಾಡ್ಕೋಬೇಡಿ.

ಕೋನ ನೋಡ್ಕೊಳ್ಳಿ. ಅಲಗನ್ನ ಕೆನ್ನೆ ಮೇಲೆ ಪೂರ್ತಿ ಮಲಗಿಸಿ, ಆಮೇಲೆ ಬೆನ್ನನ್ನ ಮಾತ್ರ ಎತ್ತಿ, ಬೆನ್ನಿಗೂ ಚರ್ಮಕ್ಕೂ ಮಧ್ಯೆ ಆ ಬೆನ್ನಿನ ದಪ್ಪದಷ್ಟೇ ಜಾಗ ಇರಲಿ, ಸ್ವಲ್ಪ ಹೆಚ್ಚಾದ್ರೂ ನಡೆಯತ್ತೆ. ಅದು ಸುಮಾರು 30 ಡಿಗ್ರಿ ಆಗತ್ತೆ. ಅದಕ್ಕಿಂತ ಎತ್ತಿದ್ರೆ ಕತ್ತರಿಸೋ ಬದಲು ಕೆರೆಯತ್ತೆ, ನಿಮ್ಮ ಉರಿ ಅಲ್ಲಿಂದ್ಲೇ ಬಂದಿರೋದು ಅಂತ ಕಾಣತ್ತೆ. ಇನ್ನೊಂದು ಕೈಯಲ್ಲಿ ಕಿವಿ ಹತ್ರ ಚರ್ಮ ಮೇಲಕ್ಕೆ ಎಳೆದು ಬಿಗಿ ಮಾಡಿ. ಸೋಪಿಗೆ ಬೆರಳು ಜಾರತ್ತೆ, ಅದಕ್ಕೆ ಬೆರಳಿಗೆ ಪಟಿಕದ ಕಲ್ಲು ಉಜ್ಜಿಕೊಂಡ್ರೆ ಒಳ್ಳೇ ಹಿಡಿತ ಬರತ್ತೆ. ಒಂದಿಂಚು ಒಂದಿಂಚು ಎಳೀರಿ ಸಾಕು, ಒತ್ತಡ ಬೇಡ, ಮತ್ತೆ ಅಂಚಿನುದ್ದಕ್ಕೆ ಅಡ್ಡಡ್ಡ ಜಾರಿಸೋದಂತೂ ಬೇಡವೇ ಬೇಡ, ಗಾಯ ಆಗೋದೇ ಹಾಗೆ.

ಶುರುವಿನ ಕೆಲವು ವಾರ ಎರಡು ಕೆನ್ನೆ ಮಾತ್ರ ಕತ್ತೀಲಿ ಮಾಡಿ, ಮಿಕ್ಕಿದ್ದು ನಿಮ್ಮ ಮಾಮೂಲಿ ರೇಜರ್‌ನಲ್ಲಿ. ಕೆನ್ನೆ ಅಗಲವಾಗಿ ಸಪಾಟಾಗಿರತ್ತೆ, ಕೈಗೆ ಅಂದಾಜು ಸಿಗತ್ತೆ. ಆಮೇಲೆ ಕತ್ತು, ಗದ್ದ ಕಡೇಗೆ, ಯಾಕಂದ್ರೆ ಕೂದಲೂ ಗಟ್ಟಿ ಜಾಗಾನೂ ಡೊಂಕು. ಕತ್ತಲ್ಲಿ ಕೂದಲು ಯಾವ ಕಡೆಗೆ ಬೆಳೀತಿದೆ ಅಂತ ಒಣ ಗಡ್ಡದ ಮೇಲೆ ಕೈಯಾಡಿಸಿ ನೋಡಿ, ಎಷ್ಟೋ ಜನಕ್ಕೆ ಎಡಗಡೆ ಒಂದು ದಿಕ್ಕು, ಬಲಗಡೆ ಇನ್ನೊಂದು. ಬೆಳೆದ ದಿಕ್ಕಲ್ಲೇ ಹೋಗಿ, ಎದುರು ದಿಕ್ಕಿನ ಆಸೆ ಸದ್ಯಕ್ಕೆ ಬಿಡಿ. ಸ್ನಾನ ಆದ ತಕ್ಷಣ ಕೂತ್ಕೊಂಡ್ರೆ ಅರ್ಧ ಕೆಲಸ ಆದ ಹಾಗೆ, ನೀರು ಕುಡಿದ ಕೂದಲು ಮೆತ್ತಗಾಗಿರತ್ತೆ.

ಸ್ಟ್ರಾಪ್ ಮೇಲೆ ಎಷ್ಟು ಸಲ ಎಳೀಬೇಕು? ಶೇವ್ ಮುಂಚೇನಾ ಆಮೇಲಾ? ನಮ್ಮಪ್ಪನ ಬೆಲ್ಟ್ ಆಗತ್ತಾ? – ಶಿವಮೊಗ್ಗದ ಓದುಗರು

ಈ ಸಲದ ಪತ್ರಗಳಲ್ಲೆಲ್ಲ ನಂಗೆ ಇಷ್ಟ ಆದ ಪ್ರಶ್ನೆ ಇದು, ಯಾಕಂದ್ರೆ ಕತ್ತಿ ತಿಂಗಳುಗಟ್ಟಲೆ ಬಾಳಿಕೆ ಬರೋದು ಈ ಸ್ಟ್ರಾಪ್‌ನಿಂದ, ಅಂದ್ರೆ ಅಂಚು ಸರಿ ಮಾಡೋಕೆ ಕತ್ತಿ ಎಳೆಯೋ ಚರ್ಮದ ಪಟ್ಟಿಯಿಂದ. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಒಳಗೇ ಬ್ಲೇಡಿಂದ ಕೂದಲು ಕತ್ತರಿಸಿ ನೋಡಿದ್ರು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗಿದ್ರೂ, ಅದು ಬಾಗಿ ಓರೆಯಾಗಿ ತಾಗಿದಾಗ ಅಂಚಿಂದ ಸಣ್ಣ ಚೂರು ಎದ್ದು ಬರತ್ತಂತೆ. ಅಂಥ ಚೂರು ಹೋದ್ರೆ ಪಟ್ಟಿ ಅದನ್ನ ತುಂಬಿಸಿ ಕೊಡಲ್ಲ, ಆದ್ರೆ ದಿನಾ ಅಲ್ಪಸ್ವಲ್ಪ ಬಾಗಿದ್ದನ್ನ ನೇರ ಮಾಡಿ ನುಣುಪು ಮಾಡತ್ತೆ.

ಪ್ರತಿ ಸಲ ಶೇವ್ ಮುಂಚೆ ಮಾಡಿ. ಮೊದಲು ಕ್ಯಾನ್ವಾಸ್ ಬಟ್ಟೆಯ ಪಟ್ಟಿ ಮೇಲೆ 20–25, ಆಮೇಲೆ ಚರ್ಮದ ಮೇಲೆ 50ರ ಹತ್ತಿರ, ಹೋಗಿ ಬಂದ್ರೆ ಒಂದು ಲೆಕ್ಕ. ಎಣಿಕೆ ತಪ್ಪಿದ್ರೆ ಏನೂ ಮುಳುಗಲ್ಲ, ಕ್ರಮ ತಪ್ಪಬಾರದು. ಬೆನ್ನು ಮುಂದೆ, ಅಂಚು ಹಿಂದೆ, ಎರಡೂ ಚರ್ಮಕ್ಕೆ ತಾಗಿಕೊಂಡೇ ಇರಬೇಕು. ಕೊನೆ ಮುಟ್ಟಿದಾಗ ಕತ್ತಿಯನ್ನ ಮೇಲಕ್ಕೆತ್ತದೆ, ಬೆನ್ನನ್ನ ಚರ್ಮದ ಮೇಲೇ ಇಟ್ಟು ಬೆರಳಲ್ಲಿ ಹಿಡಿ ಉರುಳಿಸಿ ಮಗ್ಗುಲು ಬದಲಾಯಿಸಿ, ಮಣಿಕಟ್ಟು ತಿರುಗಿಸೋದಲ್ಲ. ಅಂಚಿನ ಮೇಲೆ ಮಗುಚಿದ್ರಿ ಅಂದ್ರೆ ಪಟ್ಟಿನೂ ಕುಯ್ಯತ್ತೆ, ಅಂಚೂ ಹೋಗತ್ತೆ. ಪಟ್ಟಿ ಜೋಲು ಬಿಟ್ರೆ ಅಂಚು ದುಂಡಗಾಗತ್ತೆ, ಬಿಗಿಯಾಗಿ ಎಳೆದಿಟ್ಟುಕೊಳ್ಳಿ. ಸಿನಿಮಾದಲ್ಲಿ ಪಟಪಟ ಅಂತ ಮಾಡ್ತಾರಲ್ಲ, ಅದನ್ನ ಅವರಿಗೇ ಬಿಟ್ಟುಬಿಡಿ.

ಅಪ್ಪನ ಬೆಲ್ಟ್ ಅಪ್ಪನಿಗೇ ಇರಲಿ. ಹೊಲಿಗೆ, ಉಬ್ಬು ಡಿಸೈನ್, ಪೇಂಟ್ ಇರೋದು ಯಾವುದೂ ಆಗಲ್ಲ, ಅದೂ ಅಲ್ಲದೆ ಅಗಲ ಸಾಲಲ್ಲ. ಚರ್ಮದ ಕೆಲಸ ಮಾಡೋರ ಹತ್ರ ಸುಮಾರು 3 ಇಂಚು ಅಗಲದ, ನುಣುಪಾದ ಚರ್ಮ ಕೇಳಿ ತಗೊಳ್ಳಿ, ಕಮ್ಮಿ ರೇಟಿಂದೇ ಸಾಕು, ಕಲಿಯೋವಾಗ ಅದು ಎಲ್ಲಾದ್ರೂ ಕುಯ್ದೇ ಕುಯ್ಯತ್ತೆ. ಕ್ಯಾನ್ವಾಸ್ ಬದಲು ಹಳೇ ಜೀನ್ಸ್ ಬಟ್ಟೆ ಧಾರಾಳವಾಗಿ ನಡೆಯತ್ತೆ.

ಹಾರ್ಡ್‌ವೇರ್ ಅಂಗಡೀಲಿ ಸಿಗೋ ಎರಡು ಮಗ್ಗುಲಿನ ಮಸೆಗಲ್ಲಲ್ಲಿ ಮಸೆದ್ರೆ ಏನಾಗತ್ತೆ ಸರ್? – ಹುಬ್ಬಳ್ಳಿಯ ಓದುಗರು

ಗರಗಸ ಆಗತ್ತೆ. ಆ ಕಲ್ಲು ಕುಡುಗೋಲಿಗೆ, ಮಚ್ಚಿಗೆ ಸರಿ. ಗ್ರಿಟ್ ಅಂದ್ರೆ ಕಲ್ಲು ಎಷ್ಟು ನುಣುಪು ಅಂತ ಹೇಳೋ ನಂಬರ್, ಹೆಚ್ಚಾದಷ್ಟೂ ನುಣುಪು. ಕ್ಷೌರದ ಕತ್ತಿಗೆ 1000 ಗ್ರಿಟ್ಟೇ ಒರಟು, ಅದು ಹಾಳಾದ ಅಂಚನ್ನ ಹೊಸದಾಗಿ ಕಟ್ಟೋಕೆ ಮಾತ್ರ. ಅಲ್ಲಿಂದ 4000, 8000, ಕಡೇಗೆ 12000, ಹೀಗೆ ಹೋಗಬೇಕು. ಬರೀ ಮೊಂಡಾಗಿದ್ರೆ 8000 ಇಲ್ಲಾ 12000ದಲ್ಲಿ ಒಂದಷ್ಟು ಸಲ ಎಳೆದ್ರೆ ಮುಗೀತು, 1000ಕ್ಕೆ ಇಳಿಯೋ ಅಗತ್ಯನೇ ಇಲ್ಲ. ಕಲ್ಲಿನ ಮೇಲೆ ಪಟ್ಟಿಗೆ ಉಲ್ಟಾ, ಅಂಚು ಮುಂದೆ. ಕೋನದ ತಲೆನೋವಿಲ್ಲ, ಬೆನ್ನು ಅಂಚು ಎರಡನ್ನೂ ಕಲ್ಲಿಗೆ ತಾಗಿಸಿದ್ರೆ ಬೆನ್ನಿನ ದಪ್ಪವೇ ಕೋನ ಕೊಡತ್ತೆ, ಅದನ್ನ ಮಾಡಿದವರ ಜಾಣತನ ಅದು. ಮಸೆಯೋ ಮುಂಚೆ ಅಂಚಿಗೆ ಮಾರ್ಕರ್ ಪೆನ್ ಬಳಿದು ಎರಡು ಸಲ ಎಳೆದು ನೋಡಿ, ಇಂಕ್ ಎಲ್ಲಿ ಉಳೀತೋ ಅಲ್ಲಿ ಕಲ್ಲು ತಾಗ್ತಿಲ್ಲ. ಕಲ್ಲು ಸಪಾಟಾಗಿಲ್ಲ ಅಂದ್ರೆ ಕೈ ಎಷ್ಟು ಚೆನ್ನಾಗಿದ್ರೂ ಪ್ರಯೋಜನ ಇಲ್ಲ. ದಿನಾ ಪಟ್ಟಿ ಸರಿಯಾಗಿ ಎಳೆಯೋರಿಗೆ ಕಲ್ಲು ಬೇಕಾಗೋದು ವರ್ಷದಲ್ಲಿ ಕೆಲವೇ ಸಲ, ಅದಕ್ಕೆ ಮೂರ್ನಾಲ್ಕು ಕಲ್ಲು ಕೊಂಡು ಮನೇಲಿ ಬೈಸಿಕೊಳ್ಳೋ ಮುಂಚೆ ಯೋಚಿಸಿ.

ನಮ್ಮ ಸಲೂನ್‌ನಲ್ಲಿ ಕತ್ತಿ ಥರಾನೇ ಇರತ್ತೆ, ಆದ್ರೆ ಬ್ಲೇಡ್ ಅರ್ಧ ಮುರಿದು ಹಾಕ್ತಾರೆ. ಎರಡೂ ಒಂದೇನಾ? – ರಾಯಚೂರಿನ ಓದುಗರು

ಆಕಾರ ಒಂದೇ, ಸ್ವಭಾವ ಬೇರೆ. ಒಂದೇ ಕತ್ತಿ ಹತ್ತಾರು ಜನಕ್ಕೆ ಬಳಸಿದ್ರೆ ರಕ್ತದಿಂದ ಹೆಪಟೈಟಿಸ್ ಬಿ, ಎಚ್‌ಐವಿ ಥರದ ಸೋಂಕು ಹರಡೋ ಭಯ, ಅದಕ್ಕೇ ಸಲೂನ್‌ಗಳು ಬ್ಲೇಡಿಗೆ ಬಂದಿದ್ದು, ಬಂದಿದ್ದು ಒಳ್ಳೇದೇ ಆಯ್ತು. ಆದ್ರೆ ಮನೇಲಿ ಕಲಿಯೋರಿಗೆ ಅರ್ಧ ಬ್ಲೇಡಿನ ಕತ್ತಿ ಹೆಚ್ಚು ಒರಟು, ತೂಕ ಕಮ್ಮಿ, ಕೋನ ಚೂರು ತಪ್ಪಿದ್ರೂ ಕಚ್ಚತ್ತೆ. ನಿಮ್ಮೂರಲ್ಲಿ ಹಳೇ ಕಾಲದಿಂದ ಕ್ಷೌರ ಮಾಡ್ಕೊಂಡು ಬಂದಿರೋ ಹಿರಿಯರು ಇದ್ರೆ ಹೋಗಿ ಮಾತಾಡಿಸಿ, ಪಟ್ಟಿ ಮೇಲೆ ಅವರ ಕೈ ಓಡೋದನ್ನ ಹತ್ತು ನಿಮಿಷ ನೋಡಿದ್ರೆ ನನ್ನ ಈ ಎರಡು ಪುಟಕ್ಕಿಂತ ಲಾಭ. ಒಂದು ಶೇವ್ ದುಡ್ಡಾದ್ರೂ ಕೊಟ್ಟು ಬನ್ನಿ ಮತ್ತೆ.

ಇಲ್ಲಿ ಮಳೆಗಾಲದಲ್ಲಿ ಎರಡೇ ದಿನಕ್ಕೆ ಕತ್ತಿ ಮೇಲೆ ತುಕ್ಕಿನ ಕೆಂಪು ಚುಕ್ಕೆ. ತೆಂಗಿನೆಣ್ಣೆ ಹಚ್ಚಲಾ? – ಕುಂದಾಪುರದ ಓದುಗರು

ದಿನಾ ಬಳಸ್ತೀರಾದ್ರೆ ತೆಳ್ಳಗೆ ಹಚ್ಚಿ, ತೊಂದರೆ ಇಲ್ಲ. ತಿಂಗಳುಗಟ್ಟಲೆ ಎತ್ತಿಡೋದಾದ್ರೆ ಹೊಲಿಗೆ ಮಿಷನ್ ಎಣ್ಣೆ ಮೇಲು, ಅದು ಕಮಟಾಗಲ್ಲ, ಬಳಸೋ ಮುಂಚೆ ಸೋಪು ಹಾಕಿ ತೊಳೆದ್ರೆ ಸರಿ. ಅದಕ್ಕಿಂತ ಮುಖ್ಯ, ಬಚ್ಚಲಲ್ಲಿ ಇಡಬೇಡಿ. ಹಿಡಿಯ ಸಂದಿ, ಮೊಳೆ ಹತ್ರ ನೀರು ನಿಲ್ಲತ್ತೆ, ಟಿಶ್ಯೂ ತೂರಿಸಿ ಒರೆಸಿ, ಬಿಚ್ಚಿಟ್ಟು ಗಾಳಿಗೆ ಪೂರ್ತಿ ಒಣಗಿದ ಮೇಲೇ ಮಡಚಿ.

ನಮ್ಮನೆಯವರು ದುಡ್ಡು ಉಳಿಯತ್ತೆ ಅಂತ ಹೇಳಿ ಇದನ್ನ ತಗೊಂಡ್ರು. ಈಗ ಪಟ್ಟಿ, ಕಲ್ಲು, ಬ್ರಷ್ಷು ಅಂತ ಪಾರ್ಸೆಲ್ ಬರ್ತಾನೇ ಇದೆ. ನಿಜವಾಗ್ಲೂ ಉಳಿಯತ್ತಾ? ಮನೇಲಿ ಚಿಕ್ಕ ಮಗು ಬೇರೆ ಇದೆ. – ಮೈಸೂರಿನ ಓದುಗರು

ಉಳಿಯಲ್ಲ ಮೇಡಂ. ಎರಡಂಚಿನ ಬ್ಲೇಡ್ ಹಾಕೋ ಸಾದಾ ರೇಜರ್ ಇದೆಯಲ್ಲ, ಖರ್ಚಲ್ಲಿ ಅದನ್ನ ಸೋಲಿಸೋಕೆ ಆಗಲ್ಲ. ಇದು ಹವ್ಯಾಸ, ಹಾಗಂತ ಅವರು ಒಪ್ಪಿಕೊಂಡ್ರೆ ಜಗಳ ಇಲ್ಲ. ಮಗು ವಿಷಯಕ್ಕೆ ಮಾತ್ರ ರಾಜಿ ಬೇಡ: ಕತ್ತಿ ಬೀಗ ಇರೋ ಬೀರುವಿನಲ್ಲಿ, ಕೀ ಅವರ ಹತ್ರ. ಒಣಗೋಕೆ ಅಂತ ಬಿಚ್ಚಿಟ್ಟಿರೋವಾಗ್ಲೂ ಮಗು ಕೈಗೆ ಸಿಗದ ಎತ್ತರದಲ್ಲಿ, ಬಾಗಿಲು ಹಾಕಿದ ರೂಮಲ್ಲಿ. ಮತ್ತೆ ಊರಿಗೆ ವಿಮಾನದಲ್ಲಿ ಹೋಗೋದಿದ್ರೆ ಚೆಕ್-ಇನ್ ಬ್ಯಾಗಿಗೆ ಹಾಕೋಕೆ ಹೇಳಿ, ಕೈಚೀಲದಲ್ಲಿಟ್ರೆ ಸೆಕ್ಯುರಿಟಿಯವರು ತೆಗೆಸಿಬಿಡ್ತಾರೆ.