ಮಕ್ಕಳ ಹೃದಯದ ಡಾಕ್ಟರೂ ಆಗಿ, ಉಪಕರಣ ಡಿಸೈನ್ ಮಾಡುವ ಎಂಜಿನಿಯರೂ ಆಗಬಹುದಾ?

ಎಂಜಿನಿಯರಿಂಗ್ ಓದುತ್ತಿದ್ದೀರಿ, ಮುಂದೆ ಮಕ್ಕಳ ಹೃದ್ರೋಗ ತಜ್ಞರಾಗಿ ಉಪಕರಣಗಳನ್ನೂ ಮಾಡುವಾಸೆ, ಎರಡು ದೋಣಿ ಮೇಲೆ ಕಾಲಿಟ್ಟ ಹಾಗಾಗುತ್ತಾ ಅಂತ ಕೇಳಿದ್ದೀರಿ. ಆಗುತ್ತದೆ. ನಾನು ನಿಂತಿರುವುದೂ ಹಾಗೇ.

ನಾನು ಮೊದಲು ಓದಿದ್ದು ಎಂಜಿನಿಯರಿಂಗ್, ಆಮೇಲೆ ವೈದ್ಯಕೀಯ. ನನ್ನ ಓದು ಮುಗಿಯುವಷ್ಟರಲ್ಲಿ ಜೊತೆಯವರ ಮಕ್ಕಳು ಶಾಲೆಗೆ ಹೋಗುತ್ತಿದ್ದವು. ಓದಿನ ಬಗ್ಗೆ ಇಷ್ಟು ಸಾಕು.

ಈ ಕೆಲಸದಲ್ಲಿ ಮೊದಲು ತಲೆಗೆ ಹೋಗಬೇಕಾದದ್ದು ಅಳತೆ. ಮೂರು ಕೆಜಿಯ ಹಸುಗೂಸಿನ ಮೈಯಲ್ಲಿರುವ ರಕ್ತವೆಲ್ಲ ಸೇರಿದರೆ ಸುಮಾರು 250 ಮಿಲಿಲೀಟರ್. ಒಂದು ಲೋಟ, ಅಷ್ಟೇ. ಆಪರೇಷನ್ ಹೊತ್ತಿನಲ್ಲಿ ಹೃದಯದ ಕೆಲಸ ಮಾಡುವ ಹಾರ್ಟ್-ಲಂಗ್ ಮೆಷಿನ್ನಿನ ಕೊಳವೆಗಳನ್ನು ಮೊದಲೇ ದ್ರವದಿಂದ ತುಂಬಿಡಬೇಕು. ಆ ದ್ರವ ರಕ್ತಕ್ಕೆ ಬೆರೆಯುತ್ತದೆ. ದೊಡ್ಡವರ ಮೈ ಅದನ್ನು ತಡೆದುಕೊಳ್ಳುತ್ತದೆ. ಮಗುವಿನ ರಕ್ತ ನೀರಾಗಿಬಿಡುತ್ತದೆ. ಅದಕ್ಕೇ ಕೊಳವೆಯನ್ನು ಸಣ್ಣ, ಗಿಡ್ಡ ಮಾಡಲು ಅಷ್ಟು ಒದ್ದಾಟ. ಸಾಲದ್ದಕ್ಕೆ ಮಗು ಬೆಳೆಯುತ್ತದೆ, ರಕ್ತನಾಳ ತೆರೆದಿಡಲು ಹಾಕಿದ ಸ್ಟೆಂಟ್ ಎಂಬ ಜಾಲರಿ ಕೊಳವೆ ಬೆಳೆಯುವುದಿಲ್ಲ. ಮುಂದೆ ಬಲೂನ್ ಹಾಕಿ ಹಿಗ್ಗಿಸಲು ಬರುವಂಥದ್ದನ್ನೇ ಹುಡುಕಬೇಕು. ಹುಟ್ಟುವ ನೂರು ಮಕ್ಕಳಲ್ಲಿ ಹೆಚ್ಚುಕಮ್ಮಿ ಒಂದಕ್ಕೆ ಹೃದಯದ ದೋಷ ಇರುತ್ತದೆ, ಆದರೆ ಅದರಲ್ಲಿ ಹತ್ತಾರು ಬಗೆ. ಒಂದೊಂದಕ್ಕೂ ಗಿರಾಕಿ ಕಮ್ಮಿ, ಹಾಗಾಗಿ ಕಂಪನಿಗಳು ಆಸೆಪಟ್ಟು ಬರುವುದಿಲ್ಲ.

ನನ್ನ ಮೊದಲ ಡಿಸೈನ್ ಕಥೆ ಹೇಳುತ್ತೇನೆ. ಆಪರೇಷನ್ ಆದ ಕೆಲವು ಮಕ್ಕಳ ಎದೆಯಿಂದ ಹೃದಯದ ಬಡಿತ ಸರಿಯಾಗಿಡಲು ಕರೆಂಟ್ ಕೊಡುವ, ನೂಲಿನಂಥ ಪೇಸಿಂಗ್ ವೈರ್ ಹೊರಗೆ ಬಂದಿರುತ್ತದೆ. ಅದಕ್ಕೆ ಸೇರಿಸುವ ಕೇಬಲ್ ಭಾರ, ಮಗು ಕಾಲು ಬಡಿದರೆ ಜಗ್ಗುತ್ತದೆ. ಕೇಬಲ್ ಹಿಡಿದುಕೊಳ್ಳಲು ಒಂದು ಕ್ಲಿಪ್ ಮಾಡಿದೆ. ಮೂರು ತಿಂಗಳು ಕಂಪ್ಯೂಟರಿನಲ್ಲಿ ತಿದ್ದಿದ್ದೇ ತಿದ್ದಿದ್ದು. ಕೊನೆಗೆ ಒಂದು ಬೊಂಬೆ ಮೇಲೆ ಹಾಕಿ ನೋಡಿ ಅಂತ ಐಸಿಯುನ ಹಿರಿಯ ನರ್ಸ್ ಒಬ್ಬರಿಗೆ ಕೊಟ್ಟೆ. ಅವರ ಎಡಗೈ ಅಭ್ಯಾಸಬಲದಿಂದ ಬೊಂಬೆಯ ಕಾಲು ಹಿಡಿಯಿತು. ಬಲಗೈಯ ಗ್ಲೌಸ್ ಒದ್ದೆ. ಕ್ಲಿಪ್ ಜಾರಿತು. ಮತ್ತೆ ಜಾರಿತು.

"ಡಾಕ್ಟ್ರೇ, ಇದಕ್ಕೆ ಎರಡು ಕೈ ಬೇಕು. ನನ್ನದೊಂದು ಕೈ ಮಗು ಹತ್ತಿರ ಇದೆಯಲ್ಲ" ಅಂದರು. ಆಮೇಲೆ ತಾವು ಅಂಟಿಸುವ ಟೇಪ್ ತೋರಿಸಿದರು. ಒಂದು ತುದಿಯನ್ನು ಮಡಚಿ ಪುಟ್ಟ ಕಿವಿ ಮಾಡಿರುತ್ತಾರೆ, ಒಂದೇ ಕೈಯಲ್ಲಿ ಎತ್ತಲು. ನನ್ನ ಎರಡನೇ ಕ್ಲಿಪ್ಪಿಗೂ ಅದೇ ಕಿವಿ ಬಂತು.

ವಾರ್ಡಿನವರ ಮಾತಿನಿಂದ ಡಿಸೈನ್ ಹುಟ್ಟುವುದು ಹೊಸದೇನಲ್ಲ. 1957ರಲ್ಲಿ ಹೃದಯದ ಬಡಿತ ನಡೆಸುವ ಪೇಸ್‌ಮೇಕರ್ ಎಂದರೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಪೆಟ್ಟಿಗೆ. ಆ ಅಕ್ಟೋಬರ್ 31ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಕರೆಂಟ್ ಹೋಯಿತು. ಅಲ್ಲಿ ಮಕ್ಕಳ ಹೃದಯದ ಆಪರೇಷನ್ ಮಾಡುತ್ತಿದ್ದ ವಾಲ್ಟನ್ ಲಿಲಹೈ, ಬ್ಯಾಟರಿಯದ್ದು ಮಾಡಿಕೊಡಿ ಅಂತ ಅರ್ಲ್ ಬಕನ್ ಅವರನ್ನು ಕೇಳಿದರು. ಬಕನ್ ಪತ್ರಿಕೆಯೊಂದರಲ್ಲಿ ಬಂದಿದ್ದ, ತಾಳ ಹಾಕುವ ಮೆಟ್ರೊನೋಮ್‌ನ ಸರ್ಕ್ಯೂಟ್ ಹಿಡಿದು ಸುಮಾರು ನಾಲ್ಕು ವಾರದಲ್ಲಿ ಮಾಡಿಕೊಟ್ಟರು. ಬಕನ್ ಡಾಕ್ಟರ್ ಅಲ್ಲ. ಆಸ್ಪತ್ರೆಯ ಯಂತ್ರ ರಿಪೇರಿ ಮಾಡುತ್ತ ವಾರ್ಡಿನಲ್ಲೇ ಓಡಾಡಿಕೊಂಡಿದ್ದ ಎಂಜಿನಿಯರ್.

ಹಾಗಾಗಿ ಎರಡು ಡಿಗ್ರಿ ಬೇಕೇ ಬೇಕು ಅಂತ ನಾನು ಹೇಳಲ್ಲ. ರಾತ್ರಿ ಎರಡಕ್ಕೆ ಎದ್ದು ಹೋಗಿ ಅಪ್ಪ ಅಮ್ಮನ ಮುಂದೆ ಕೂತು ಕೆಟ್ಟ ಸುದ್ದಿ ಹೇಳುವುದೂ ಈ ಕೆಲಸವೇ. ಅದಕ್ಕೂ ಮನಸ್ಸಿದ್ದರೆ ವೈದ್ಯರಾಗಿ. ಬರೀ ಯಂತ್ರದ ಆಸೆ ಆದರೆ ಎಂಜಿನಿಯರ್ ಆಗಿಯೇ ವಾರ್ಡಿಗೆ ಬನ್ನಿ, ಅನುಮತಿ ತಗೊಂಡು ಒಂದು ವಾರ ಸುಮ್ನೆ ನಿಂತು ನರ್ಸ್‌ಗಳ ಕೈ ನೋಡಿ.

ನನ್ನ ಕ್ಲಿಪ್ ಈಗ ನಾಲ್ಕನೇ ಅವತಾರದಲ್ಲಿದೆ. ಬೊಂಬೆ ಮೇಲೆ ಒಂದೇ ಕೈ ಸಾಕು. ಬಿಳಿ ಹಾಸಿಗೆ ಮೇಲೆ ಬಿಳಿ ಕ್ಲಿಪ್ ಬಿದ್ದರೆ ಹುಡುಕುವವರು ಯಾರು ಅಂತ ಅದೇ ನರ್ಸ್ ಕೇಳಿದ್ದಾರೆ.