ಆಟದ ಹಿಂದೆ ಓಡುವ ಪಾಠ

ಕೌನ್ಸೆಲಿಂಗ್‌ಗೆ ಬರುವ ಎರಡನೇ ಪಿಯುಸಿ ಮಕ್ಕಳ ಜೊತೆ ಮಾತಾಡುವಾಗ ಒಂದು ವಿಷಯ ಮತ್ತೆ ಮತ್ತೆ ಬರುತ್ತಿದೆ: ಆಟ ಆಡುತ್ತಲೇ ಹಿನ್ನೆಲೆಯಲ್ಲಿ ಪಾಠ ಹಾಕಿಡುವುದು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಒಬ್ಬ ಹುಡುಗ ನೀಟ್‌ಗೆ ಓದುತ್ತಿದ್ದ. ರಾತ್ರಿ ಕಂಪ್ಯೂಟರಿನಲ್ಲಿ ವ್ಯಾಲೊರಂಟ್ ಅನ್ನೋ ಗುಂಡು ಹಾರಿಸುವ ಆಟ ಆಡುತ್ತಿದ್ದ. ಅದೇ ಹೊತ್ತಿಗೆ ಬ್ರೌಸರಿನಲ್ಲಿ ಕೋಚಿಂಗ್‌ನ ರೆಕಾರ್ಡ್ ಮಾಡಿದ ಪಾಠ ಓಡುತ್ತಿತ್ತು, ಅದೂ ಒಂದೂವರೆ ಪಟ್ಟು ವೇಗದಲ್ಲಿ. "ಆಡ್ತಾನೆ ನಿಜ, ಆದ್ರೆ ಪಾಠನೂ ಕೇಳ್ತಾನಲ್ಲ" ಅಂತ ಅಮ್ಮ ಸಮಾಧಾನ ಮಾಡಿಕೊಂಡಿದ್ದರು. ಅಪ್ಪ ಅದನ್ನು ಚಟ ಅಂತಲೇ ಕರೆದರು. ಅಂಕ ಇಳಿದಿತ್ತು. ಹುಡುಗ ಮಲಗುವುದೂ ತಡವಾಗುತ್ತಿತ್ತು.

ಎರಡನೇ ಸಲ ಅವನೊಬ್ಬನನ್ನೇ ಕೂರಿಸಿಕೊಂಡೆ. ನಿನ್ನೆ ರಾತ್ರಿ ಯಾವ ಪಾಠ ಅಂತ ಕೇಳಿದೆ.

"ಕಿಡ್ನಿ ಮೇಡಂ. ನೆಫ್ರಾನ್."

ನಾನೂ ಪಿಯುಸಿಯಲ್ಲಿ ಬಯಾಲಜಿ ಓದಿದವಳು. ಕಿಡ್ನಿಯಲ್ಲಿ ಸೋಸುವ ಸಣ್ಣ ನಾಳವೇ ನೆಫ್ರಾನ್, ಅದರ ಬಾಗಿದ ಭಾಗ ಹೆನ್ಲೆಯ ಕುಣಿಕೆ. ಅದರ ಇಳಿಯುವ ಭಾಗದಿಂದ ನೀರು ಹೊರಗೆ ಹೋಗುತ್ತೆ, ಏರುವ ಭಾಗದಿಂದ ಏನು ಹೋಗುತ್ತೆ ಅಂದೆ. ಅವನಿಗೆ ಹೊಳೆಯಲಿಲ್ಲ. ಮೇಷ್ಟ್ರು "ಇದು ಪಕ್ಕಾ ಬರುತ್ತೆ, ಗುರುತು ಹಾಕ್ಕೊಳಿ" ಅಂದದ್ದು ಮಾತ್ರ ನೆನಪಿತ್ತು. ಆಟದ ಕೊನೆಯ ಸುತ್ತಿನಲ್ಲಿ ಎದುರಾಳಿಯ ಹೆಜ್ಜೆ ಸದ್ದು ಎಲ್ಲಿಂದ ಬಂತು ಅಂದರೆ ತಕ್ಷಣ ಹೇಳಿದ.

ವಿಂಡೋಸ್‌ನಲ್ಲಿ ಒಂದೊಂದು ಪ್ರೋಗ್ರಾಮಿನ ಸದ್ದನ್ನೂ ಬೇರೆ ಬೇರೆ ಏರಿಸಿ ಇಳಿಸುವ ವಾಲ್ಯೂಮ್ ಮಿಕ್ಸರ್ ಇದೆ. ನಿನ್ನದರಲ್ಲಿ ಯಾವುದು ಎಷ್ಟಿದೆ, ಬರೆದು ತೋರಿಸು ಅಂದೆ. ಆಟ 100, ಗೆಳೆಯರ ಮಾತು 80, ಪಾಠ 15.

"ಹದಿನೈದರಲ್ಲಿ ಕೇಳುತ್ತಾ?"

"ಇಲ್ಲ ಮೇಡಂ. ಜಾಸ್ತಿ ಇಟ್ರೆ ಹೆಜ್ಜೆ ಸದ್ದು ಸಿಗಲ್ಲ."

"ಹಾಗಾದ್ರೆ ಪಾಠ ಆಫ್ ಮಾಡಬಹುದಲ್ವಾ?"

ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದ: "ಪಾಠ ಹಾಕದೆ ಆಡಿದ್ರೆ ಅಪ್ಪನ ದುಡ್ಡು ಕದ್ದ ಹಾಗೆ ಅನ್ಸುತ್ತೆ."

ಪಾಠ ಓಡುತ್ತಿದ್ದದ್ದು ಕಲಿಯೋಕಲ್ಲ. ಆಡುವಾಗ ಮನಸ್ಸು ಚುಚ್ಚದಿರಲಿ ಅಂತ. ಇದರಿಂದ ಅವನಿಗೆ ಎರಡು ಕಡೆಯೂ ನಷ್ಟ. ಕೇಳಿದೆ ಅನ್ನೋ ಭ್ರಮೆಯಲ್ಲಿ ಆ ಪಾಠಕ್ಕೆ ಮತ್ತೆ ಕೂರುತ್ತಿರಲಿಲ್ಲ. ಆಡಿದರೂ ಹಗುರಾಗುತ್ತಿರಲಿಲ್ಲ, ಅದಕ್ಕೇ ಇನ್ನೊಂದು ಮ್ಯಾಚ್, ಮತ್ತೊಂದು ಮ್ಯಾಚ್.

ಹಿಂದೆ ಏನಾದರೂ ಓಡುತ್ತಿರುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಯೂರೋ ಟ್ರಕ್ ಸಿಮ್ಯುಲೇಟರ್ 2ರಲ್ಲಿ ರೇಡಿಯೋ ಆಟದೊಳಗೇ ಇದೆ. ಉದ್ದ ರಸ್ತೆಯಲ್ಲಿ ಲಾರಿ ಓಡಿಸುತ್ತಾ ಹಾಡು ಕೇಳಿದರೆ ಯಾರಿಗೇನು ತೊಂದರೆ? ಮಾತಿನ ವಿಷಯ ಬೇರೆ. ನೆನಪಿಟ್ಟುಕೊಳ್ಳುವ ಕೆಲಸ ನಡೆಯುವಾಗ ಪಕ್ಕದಲ್ಲಿ ಮಾತು ಕೇಳಿಸಿದರೆ, ಅದು ಅರ್ಥವಾಗದ ಭಾಷೆಯಾದರೂ, ನೆನಪು ಕೆಡುತ್ತೆ ಅಂತ ಕಾಲ್ ಮತ್ತು ವೆಲ್ಶ್ ಅನ್ನೋ ಸಂಶೋಧಕರು 1976ರಲ್ಲೇ ತೋರಿಸಿದ್ದಾರೆ. ಇಲ್ಲಂತೂ ಗೆಳೆಯರ ಕೂಗು, ಗುಂಡಿನ ಸದ್ದು, ಮೇಷ್ಟ್ರ ಮಾತು ಒಟ್ಟಿಗೆ.

ನಾನು ಕೊಟ್ಟ ಸಲಹೆ ಇಷ್ಟೇ. ಸಂಜೆ ಒಂದು ಗಂಟೆ ಆಟ. ಆ ಹೊತ್ತಿಗೆ ಪಾಠ ಪೂರ್ತಿ ಬಂದ್. ಆಡಿದ್ದಕ್ಕೆ ಮನೆಯಲ್ಲಿ ಯಾರೂ ಕೊಂಕು ಮಾತಾಡಬಾರದು. ಪಾಠ ಕೇಳುವಾಗ ಆಟ ಮುಚ್ಚಿರಬೇಕು, ಕೈಯಲ್ಲಿ ಪೆನ್ನಿರಬೇಕು, ವೇಗ ಮಾಮೂಲಿ ಇರಬೇಕು. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಕೇಳಿದ್ದನ್ನು ತನ್ನ ಮಾತಿನಲ್ಲಿ ಬರೆಯಬೇಕು.

ಅಪ್ಪನಿಗೆ ಸಿಟ್ಟು ಬಂತು. "ಆಟ ಬಿಡಿಸಿ ಅಂತ ಕರ್ಕೊಂಡು ಬಂದ್ರೆ ನೀವೇ ಟೈಮ್ ಕೊಡ್ತೀರಲ್ಲ ಮೇಡಂ!" ಅಂದರು. ನಾನು ಹಿಂದೆ ಸರಿಯಲಿಲ್ಲ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಗೇಮಿಂಗ್ ಕಾಯಿಲೆಗೆ ಲಕ್ಷಣ ಹೇಳಿದ್ದಾರೆ: ಆಟದ ಮೇಲೆ ಹಿಡಿತ ತಪ್ಪಿರಬೇಕು, ಬದುಕಿನ ಉಳಿದದ್ದೆಲ್ಲ ಹಿಂದೆ ಬಿದ್ದಿರಬೇಕು, ಹಾನಿ ಕಂಡರೂ ನಿಲ್ಲದಿರಬೇಕು, ಸಾಮಾನ್ಯವಾಗಿ ಇದು 12 ತಿಂಗಳಾದರೂ ನಡೆದಿರಬೇಕು. ಈ ಹುಡುಗ ಊಟಕ್ಕೆ ಕರೆದರೆ ಏಳುತ್ತಿದ್ದ, ಕಾಲೇಜು ತಪ್ಪಿಸಿರಲಿಲ್ಲ. ಸುಮ್ನೆ ಚಟ ಅಂತ ಹೆಸರಿಟ್ಟರೆ ಅವನ ಕಳ್ಳತನದ ಭಾವನೆಗೆ ನಾವೇ ಸಾಕ್ಷಿ ಹೇಳಿದ ಹಾಗಾಗುತ್ತೆ. ಫೀಸಿನ ಲೆಕ್ಕ ಅವನ ಕಿವಿಗೆ ಬೀಳದಂತೆ ನೋಡಿಕೊಳ್ಳಿ ಅಂತ ಅಪ್ಪನಿಗೆ ನೇರವಾಗಿ ಹೇಳಿದೆ. ಅವರಿಗೆ ಅದು ರುಚಿಸಲಿಲ್ಲ. ಆದರೂ ಪರೀಕ್ಷೆವರೆಗೆ ನೋಡೋಣ ಅಂತ ಒಪ್ಪಿದರು.

ಹುಡುಗ ಈಗ ಬೇಗ ಮಲಗುತ್ತಿದ್ದಾನೆ. ಅಂಕದ ಬಗ್ಗೆ ಈಗಲೇ ಏನೂ ಹೇಳಲಾರೆ.

ಎಲ್ಲ ಮಕ್ಕಳಿಗೂ ಇಷ್ಟೇ ಸಾಕು ಅಂದುಕೊಳ್ಳಬೇಡಿ. ಊಟ, ಸ್ನಾನ, ಕಾಲೇಜು ಬಿಟ್ಟು ಆಡುತ್ತಿದ್ದರೆ, ತಡೆದಾಗ ಹೊಡೆದಾಟಕ್ಕೆ ಇಳಿಯುತ್ತಿದ್ದರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ. ದೂರದವರು ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ.